ನಿಮಗಿದು ಗೊತ್ತೇ? ವಿಮಾನ ಹುಟ್ಟುವುದು ತೂಕದ ಲೆಕ್ಕದಲ್ಲಿ!

ವಿಮಾನ ವಿನ್ಯಾಸ ಕಲಿಯುವವರು ಮೊದಲು ಬರೆಯಬೇಕಾದದ್ದು ರೆಕ್ಕೆಯ ಚಿತ್ರವಲ್ಲ, ತೂಕದ ಲೆಕ್ಕ. ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ದೂರ? ಇಷ್ಟು ಗೊತ್ತಾಗದೆ ಚಿತ್ರಕ್ಕೆ ಕೈಹಾಕಿದರೆ ಅದು ಬರೀ ಚಿತ್ರವಾಗಿಯೇ ಉಳಿಯುತ್ತದೆ.

ಈ ಲೆಕ್ಕವನ್ನು ಹೈಸ್ಕೂಲು ಮಕ್ಕಳೂ ಮಾಡಬಹುದು. ಜನ, ಸಾಮಾನು ಸೇರಿ 1000 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು ತೂಕದಲ್ಲಿ ಇಂಧನದ ಪಾಲು ಶೇ. 25, ಖಾಲಿ ವಿಮಾನದ ಪಾಲು ಶೇ. 50. ಉಳಿದ ಶೇ. 25ರಲ್ಲಿ ಆ 1000 ಕಿಲೋ ಕೂರಬೇಕು. ಅಲ್ಲಿಗೆ ಒಟ್ಟು ತೂಕ 4000 ಕಿಲೋ. ಈಗ ಖಾಲಿ ವಿಮಾನದ ಪಾಲನ್ನು ಶೇ. 55 ಮಾಡಿ ನೋಡಿ. ಒಟ್ಟು ತೂಕ 5000 ಕಿಲೋಗೆ ಜಿಗಿಯುತ್ತದೆ! ಮೈ ಭಾರವಾದರೆ ಅದನ್ನೆತ್ತಲು ದೊಡ್ಡ ರೆಕ್ಕೆ ಬೇಕು, ದೊಡ್ಡ ರೆಕ್ಕೆಗೆ ದೊಡ್ಡ ಎಂಜಿನ್, ಅದಕ್ಕೆ ಇನ್ನಷ್ಟು ಇಂಧನ, ಆ ಇಂಧನವನ್ನು ಹೊರಲು ಮತ್ತೆ ರೆಕ್ಕೆ. ವಿನ್ಯಾಸಕಾರರು ಗ್ರಾಂ ಗ್ರಾಂಗೂ ಜಗಳವಾಡುವುದು ಇದಕ್ಕಾಗಿಯೇ.

ಈ ಲೆಕ್ಕವನ್ನು ತುತ್ತತುದಿಗೆ ಒಯ್ದವರು ಅಮೆರಿಕದ ಬರ್ಟ್ ರುಟಾನ್. ಅವರು ರೂಪಿಸಿದ ‘ವಾಯೇಜರ್’ 1986ರ ಡಿಸೆಂಬರ್‌ನಲ್ಲಿ ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿತು. ಹೊರಡುವಾಗ ಅದರ ತೂಕದಲ್ಲಿ ಶೇ. 70ಕ್ಕೂ ಹೆಚ್ಚು ಇಂಧನವೇ ಇತ್ತು.

ರೆಕ್ಕೆಯ ವಿಸ್ತೀರ್ಣವನ್ನು ಎಷ್ಟೋ ಸಲ ನಿರ್ಧರಿಸುವುದು ಹಾರಾಟವಲ್ಲ, ಇಳಿಯುವಿಕೆ. ಉಳಿದೆಲ್ಲ ಹಾಗೇ ಇದ್ದು ವೇಗ ಎರಡು ಪಟ್ಟಾದರೆ ರೆಕ್ಕೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಅಂದಮೇಲೆ ವೇಗದ ಹಾರಾಟಕ್ಕೆ ಸಣ್ಣ ರೆಕ್ಕೆ ಸಾಕು, ನಿಧಾನವಾಗಿ ರನ್‌ವೇ ಮುಟ್ಟಲು ದೊಡ್ಡದು ಬೇಕು. ಲ್ಯಾಂಡಿಂಗ್‌ಗೆ ಮುನ್ನ ಕಿಟಕಿಯಿಂದ ನೋಡಿದರೆ ರೆಕ್ಕೆಯ ಹಿಂದಿನ ಅಂಚಿನಿಂದ ಫ್ಲಾಪ್‌ಗಳು ಹೊರಚಾಚಿ ಕೆಳಗೆ ಬಾಗುವುದು ಕಾಣುತ್ತದಲ್ಲ, ಅದು ಈ ಎರಡು ಬೇಡಿಕೆಗಳ ನಡುವಿನ ರಾಜಿ.

ಏರ್‌ಬಸ್ ಎ380ರ ರೆಕ್ಕೆಗಳ ತುದಿಯಿಂದ ತುದಿಗೆ 79.8 ಮೀಟರ್. ಯಾಕೆ ಅಷ್ಟೇ? ದೊಡ್ಡ ವಿಮಾನ ನಿಲ್ದಾಣಗಳಲ್ಲಿ 80 ಮೀಟರ್‌ನ ಮಿತಿಯಿದೆ! ಬೋಯಿಂಗ್ 777ಎಕ್ಸ್ ಅಂತೂ ನೆಲಕ್ಕಿಳಿದ ಮೇಲೆ ರೆಕ್ಕೆಯ ತುದಿಗಳನ್ನು ಮಡಚಿಕೊಂಡು 65 ಮೀಟರ್‌ನ ಜಾಗದೊಳಗೆ ನಿಲ್ಲುತ್ತದೆ.

ಜಂಬೋ ಜೆಟ್ ಬೋಯಿಂಗ್ 747ರ ತಲೆಯ ಮೇಲಿನ ಉಬ್ಬು ಅಂದಕ್ಕಾಗಿ ಬಂದದ್ದಲ್ಲ. ಶಬ್ದಾತೀತ ವಿಮಾನಗಳು ಬಂದರೆ ಪ್ರಯಾಣಿಕರೆಲ್ಲ ಅತ್ತ ಹೋಗುತ್ತಾರೆ, ಇದನ್ನು ಸರಕಿಗೆ ಬಳಸಬೇಕಾದೀತು ಎಂದು 1960ರ ದಶಕದಲ್ಲಿ ಎಣಿಸಿದ್ದರು. ಮೂತಿ ತೆರೆದು ಸರಕು ತುಂಬಲು ದಾರಿ ಬಿಡಬೇಕೆಂದು ಪೈಲಟ್ ಕೋಣೆಯನ್ನೇ ಮಹಡಿಗೆ ಏರಿಸಿದರು.

ಸೇನೆಯ ಸರಕು ವಿಮಾನಗಳಿಗೆ ರೆಕ್ಕೆ ಮೇಲ್ಗಡೆಯೇ ಯಾಕೆ? ಒಡಲು ನೆಲಕ್ಕೆ ಹತ್ತಿರ ಬಂದು, ಲಾರಿ ನೇರವಾಗಿ ಒಳಗೆ ಹತ್ತಲಿ ಎಂದು.

1953ರಲ್ಲಿ ಹಾರಿದ ಅಮೆರಿಕದ ವೈಎಫ್-102 ಎಷ್ಟು ಒದ್ದಾಡಿದರೂ ಸಮತಲ ಹಾರಾಟದಲ್ಲಿ ಶಬ್ದದ ವೇಗ ದಾಟಲಿಲ್ಲ. ರಿಚರ್ಡ್ ವಿಟ್‌ಕಂಬ್ ಎಂಬ ಎಂಜಿನಿಯರ್ ಕಂಡುಕೊಂಡಿದ್ದ ಸೂತ್ರದಂತೆ, ರೆಕ್ಕೆ ಸೇರುವಲ್ಲಿ ಒಡಲನ್ನು ಕೋಕಾ-ಕೋಲಾ ಬಾಟಲಿಯ ಸೊಂಟದಂತೆ ಕಿರಿದಾಗಿಸಿದರು. 1954ರ ಡಿಸೆಂಬರ್‌ನಲ್ಲಿ ಹೊಸ ರೂಪದ ವಿಮಾನ ಶಬ್ದದ ವೇಗವನ್ನು ದಾಟಿಯೇಬಿಟ್ಟಿತು.

ಇನ್ನು ನಮ್ಮ ಬೆಂಗಳೂರಿನ ‘ಮಾರುತ್’. ಎರಡನೇ ಮಹಾಯುದ್ಧದ ಪ್ರಸಿದ್ಧ ಫೋಕೆ-ವುಲ್ಫ್ 190 ರೂಪಿಸಿದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಎಚ್‌ಎಎಲ್‌ಗೆ ಬಂದರು. ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನ ಕಟ್ಟುವುದು ಗುರಿ. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದೊಯ್ದು ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಎಚ್‌ಎಫ್-24 ಮಾರುತ್ ಗಗನಕ್ಕೇರಿತು. ಆದರೆ ಅದರ ಮೈಯನ್ನು ಯಾವ ಬ್ರಿಟಿಷ್ ಎಂಜಿನ್ ನಂಬಿ ರೂಪಿಸಿದ್ದರೋ ಆ ಎಂಜಿನ್ ಬರಲೇ ಇಲ್ಲ. ಕಡಿಮೆ ಬಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲಿ ಉಳಿಯಿತು. ಇಷ್ಟಾಗಿಯೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಧೀರವಾಗಿ ಹೋರಾಡಿತು. ಮಾರುತ್‌ನ ಮೈಕಟ್ಟು ನೋಡಿದಾಗಲೆಲ್ಲ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬರುತ್ತವೆ. ಎಂಜಿನ್ ಕೈಯಲ್ಲಿಲ್ಲದೆ ವಿಮಾನದ ರೂಪ ನಿಶ್ಚಯಿಸುವುದು ಎಷ್ಟು ದುಬಾರಿ ಎಂಬುದನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಈ ವಿಮಾನದಿಂದ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ‘ತೇಜಸ್’ ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ! ತಾನಾಗಿ ಸಮತೋಲಕ್ಕೆ ಮರಳುವ ವಿಮಾನ ಚುರುಕಾಗಿ ತಿರುಗಲು ಒಪ್ಪುವುದಿಲ್ಲ. ತೇಜಸ್‌ನಲ್ಲಿ ಕಂಪ್ಯೂಟರ್ ಕ್ಷಣಕ್ಷಣವೂ ಸಮತೋಲ ಕಾಯುತ್ತದೆ, ಪೈಲಟ್ ತನಗೆ ಬೇಕಾದ ಕಡೆ ತಿರುಗಿಸುತ್ತಾನೆ.

ಬಿಸಿಲು ಹೆಚ್ಚಿದಷ್ಟೂ, ಊರು ಎತ್ತರವಿದ್ದಷ್ಟೂ ಗಾಳಿ ತೆಳು. ಹಾಗಾಗಿ ಒಂದೇ ವಿಮಾನಕ್ಕೆ ಮಂಗಳೂರಿಗಿಂತ ಬೆಂಗಳೂರಲ್ಲಿ, ಬೆಂಗಳೂರಿಗಿಂತ ಲೇಹ್‌ನಲ್ಲಿ ಟೇಕಾಫ್‌ಗೆ ಹೆಚ್ಚು ಓಟ ಬೇಕು. ಈ ಲೆಕ್ಕವೂ ಮೊದಲ ಹಾಳೆಯಲ್ಲೇ ಇರಬೇಕು.

ರೈಟ್ ಸಹೋದರರು 1901ರಲ್ಲೇ ಮರದ ಪೆಟ್ಟಿಗೆಯೊಂದನ್ನು ಗಾಳಿಸುರಂಗ ಮಾಡಿಕೊಂಡು ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಎಂಜಿನ್ ಬಲದ ಮೊದಲ ಹಾರಾಟ ಆಮೇಲಿನ ಮಾತು, 1903ರದ್ದು.

ಮನುಷ್ಯ ತನ್ನ ಮೈಬಲದಿಂದಲೇ ವಿಮಾನವನ್ನು ಎಂಟರ ಆಕಾರದ ದಾರಿಯಲ್ಲಿ ಹಾರಿಸಬೇಕೆಂಬ ಷರತ್ತಿನ ಕ್ರೇಮರ್ ಬಹುಮಾನ 1959ರಲ್ಲಿ ಘೋಷಣೆಯಾಗಿ 18 ವರ್ಷ ಯಾರಿಗೂ ದಕ್ಕಲಿಲ್ಲ. ಸ್ಪರ್ಧಿಗಳು ನಾಜೂಕಾದ ವಿಮಾನ ಕಟ್ಟುತ್ತಿದ್ದರು. ಒಮ್ಮೆ ಬಿದ್ದರೆ ರಿಪೇರಿಗೆ ತಿಂಗಳುಗಟ್ಟಲೆ. ಪಾಲ್ ಮೆಕ್ರೆಡಿ ಬೇರೆಯೇ ದಾರಿ ಹಿಡಿದರು. ಅಲ್ಯೂಮಿನಿಯಂ ಕೊಳವೆ, ತಂತಿ, ತೆಳು ಪ್ಲಾಸ್ಟಿಕ್ ಹಾಳೆ. ಬಿದ್ದರೆ ಕಟ್ಟಿ ಅಂಟಿಸಿ ಬೇಗ ಮತ್ತೆ ಹಾರಿಸುವಂಥ ‘ಗಾಸಮರ್ ಕಾಂಡೋರ್’. ರೆಕ್ಕೆಯ ಹರವು 29 ಮೀಟರ್, ತೂಕ ಸುಮಾರು 32 ಕಿಲೋ. 1977ರ ಆಗಸ್ಟ್ 23ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ರಯಾನ್ ಆಲನ್ ಅದರ ಪೆಡಲ್ ತುಳಿದು ಬಹುಮಾನ ಗೆದ್ದರು.