ಸಿನಿಮಾ ನೋಡುವ ಕಣ್ಣು

ತಾಳಮದ್ದಳೆ ಮುಗಿದ ಮರುದಿನ ನಮ್ಮ ಊರಿನ ಹಿರಿಯರು ಜಗಲಿಯಲ್ಲಿ ಕುಳಿತು ಏನು ಮಾತನಾಡುತ್ತಾರೆ? ಕರ್ಣ ಸತ್ತನೋ ಉಳಿದನೋ ಎಂದು ಯಾರೂ ಕೇಳುವುದಿಲ್ಲ. ಆ ಕಥೆ ಎಲ್ಲರಿಗೂ ಗೊತ್ತು. ಈ ಸಲದ ಅರ್ಥಧಾರಿ ಕರ್ಣನನ್ನು ಹೇಗೆ ಕಂಡರು, ಎಲ್ಲಿ ಮಾತು ಬೆಳೆಸಿದರು, ಎಲ್ಲಿ ಸುಮ್ಮನಾದರು, ಭಾಗವತರು ಯಾವ ಪದವನ್ನು ನಿಧಾನಕ್ಕೆ ಎತ್ತಿಕೊಂಡರು ಎಂಬುದೇ ಚರ್ಚೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ನಾವು ಸಿನಿಮಾ ನೋಡಿ ಬಂದರೆ ಕೇಳುವುದು ಎರಡೇ ಪ್ರಶ್ನೆ: ಕಥೆ ಏನು, ಹೀರೋ ಯಾರು? ಜಗಲಿಯ ಬುದ್ಧಿ ಟಾಕೀಸಿನೊಳಗೆ ಏಕೆ ಬರುವುದಿಲ್ಲವೋ ತಿಳಿಯದು.

ಸಿನಿಮಾಕ್ಕೂ ಒಬ್ಬ ಅರ್ಥಧಾರಿ ಇದ್ದಾನೆ. ಅವನೇ ನಿರ್ದೇಶಕ. ಅವನ ಮುಖ ಪರದೆಯ ಮೇಲೆ ಕಾಣದಿದ್ದರೂ ನಾವು ಏನನ್ನು, ಎಷ್ಟು ಹೊತ್ತು, ಎಷ್ಟು ದೂರದಿಂದ ನೋಡಬೇಕೆಂದು ನಿಶ್ಚಯಿಸುವವನು ಅವನು. ಜಪಾನಿನ ಓಜು ಎಂಬ ನಿರ್ದೇಶಕರು ಕ್ಯಾಮರಾವನ್ನು ಚಾಪೆಯ ಮೇಲೆ ಕುಳಿತವನಷ್ಟೇ ತಗ್ಗಿನಲ್ಲಿ ಇಡಿಸುತ್ತಿದ್ದರು. 1953ರ ಅವರ ‘ಟೋಕಿಯೋ ಸ್ಟೋರಿ’ಯಲ್ಲಿ ಮುದಿ ತಂದೆತಾಯಿ ಪಟ್ಟಣದ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಕ್ಕಳಿಗೆ ಪುರಸೊತ್ತಿಲ್ಲ. ಅಷ್ಟೇ ಕಥೆ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿರುವ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ನೋಡಿದರೆ ಜಪಾನು ದೂರವೆನಿಸದು.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಬಂಗಾಳದ ಬಡ ಕುಟುಂಬದ ಚಿತ್ರ. ಊರು ಬಿಟ್ಟು ದುಡಿಯಲು ಹೋಗಿದ್ದ ಅಪ್ಪ ಮರಳಿ ಬಂದು, ತಂದ ವಸ್ತುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಮಗಳು ತೀರಿಕೊಂಡದ್ದು ಅವನಿಗೆ ತಿಳಿಯದು. ಮಗಳಿಗೆಂದು ತಂದ ಸೀರೆ ಕೈಗೆ ಬಂದಾಗ ತಾಯಿಯ ಅಳು ಒಡೆಯುತ್ತದೆ. ಆದರೆ ಅಳುವಿನ ದನಿ ನಮಗೆ ಕೇಳಿಸುವುದಿಲ್ಲ. ಬದಲಿಗೆ ತಾರ್ ಶಹನಾಯಿ ಎಂಬ ವಾದ್ಯ ಚೀರುತ್ತದೆ. ನಿಜವಾದ ಅಳುವಿಗಿಂತ ಅದು ಹೆಚ್ಚು ನೋಯಿಸುತ್ತದೆ.

ವಾದ್ಯವೊಂದು ಮನುಷ್ಯನ ಪರವಾಗಿ ಮಾತನಾಡುವ ಇನ್ನೊಂದು ಚಿತ್ರ ನಮ್ಮ ಮನೆಯಂಗಳದ್ದೇ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಚೋಮನ ಜಿಲ್ಲೆಯೇ ನಮ್ಮ ಜಿಲ್ಲೆಯೂ ಆಗಿತ್ತು. ಅದನ್ನು 1975ರಲ್ಲಿ ಚಿತ್ರವಾಗಿಸಿದವರು ಬಂಟ್ವಾಳದ ಮಂಚಿಯ ಬಿ. ವಿ. ಕಾರಂತರು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪೆನಿ ಸೇರಿ ಬೆಳೆದ, ನಾಟಕ ಮತ್ತು ಸಂಗೀತದ ಮನುಷ್ಯ. ಚಿತ್ರಕ್ಕೆ ಸ್ವರ್ಣ ಕಮಲವೂ ಚೋಮನಾದ ಎಂ. ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು.

ಇದನ್ನು ನಾವು ಹತ್ತನೆಯ ತರಗತಿಯವರಿಗೆ ತೋರಿಸಿದೆವು. ಪರೀಕ್ಷೆಯ ವರ್ಷದಲ್ಲಿ ಸಿನಿಮಾ ಏತಕ್ಕೆಂದು ಹೆತ್ತವರೊಬ್ಬರು ಆಕ್ಷೇಪಿಸಿದರು. ಅವರ ಚಿಂತೆ ತಪ್ಪೆಂದು ನಾವು ಹೇಳಲಾರೆವು. ಮೊದಲ ಕಾಲು ಗಂಟೆ ಹಿಂದಿನ ಬೆಂಚಿನಲ್ಲಿ ನಗು, ಪಿಸುಮಾತು. ಕಪ್ಪು-ಬಿಳುಪು ಚಿತ್ರ, ನಿಧಾನದ ನಡೆ; ನಮಗೂ ಅಳುಕಾಯಿತು. ದುಡಿಯ ಸದ್ದು ಮತ್ತೆ ಮತ್ತೆ ಬರತೊಡಗಿದಾಗ ನಗು ತಾನಾಗಿ ನಿಂತಿತು.

ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ಭೂಮಿ. ಎರಡು ಎತ್ತುಗಳಿವೆ, ಗೇಣಿಗೆ ಗದ್ದೆ ಸಿಗದು. ಹುಟ್ಟಿದ ಜಾತಿ ಅಡ್ಡ ಬರುತ್ತದೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಧಣಿಯೆದುರು ಆಡಲಾಗದ ಮಾತನ್ನು ಅವನು ಗುಡಿಸಲಿಗೆ ಬಂದು ದುಡಿಯಲ್ಲಿ ಬಡಿಯುತ್ತಾನೆ. ಒಮ್ಮೆ ಅದು ಸಂತೋಷ, ಒಮ್ಮೆ ಸಿಟ್ಟು. ಕೊನೆಯಲ್ಲಿ ಏನೆಂದು ಹೆಸರಿಡಲು ನಮ್ಮಿಂದಾಗದು. ಈ ವ್ಯತ್ಯಾಸವನ್ನು ಕಿವಿಯಿಂದ ಹಿಡಿದವನಿಗೆ ಚಿತ್ರ ದಕ್ಕಿತು.

ಚರ್ಚೆಯ ಹೊತ್ತಿನಲ್ಲಿ, ಇಡೀ ವರ್ಷ ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತ. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂಬ ಕಾರಣಕ್ಕೆ ಯಾರೂ ಕೈ ಕೊಡುವುದಿಲ್ಲ. “ಸರ್, ಅವರು ಯಾರೂ ವಿಲನ್‌ಗಳ ಹಾಗೆ ಕಾಣಲಿಲ್ಲ. ನಮ್ಮ ಹಾಗೆಯೇ ಇದ್ದರು” ಎಂದ. ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಅವನಿಗೆ ಉತ್ತರ ಹೇಳಲು ನಮಗೂ ತೋಚಲಿಲ್ಲ. ಕೆಟ್ಟವನಿಗೆ ಮೀಸೆ ಅಂಟಿಸಿ ತೋರಿಸುವ ಚಿತ್ರವಾಗಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಇನ್ನೊಂದು ದಾರಿ ಹಿಡಿಯುತ್ತದೆ. ಅನಂತಮೂರ್ತಿಯವರ ಕಥೆ. ವೇದಪಾಠಕ್ಕೆ ಬಂದ ನಾಣಿ ಎಂಬ ಚಿಕ್ಕ ಹುಡುಗನ ಕಣ್ಣಿನಿಂದ ನಾವು ಒಬ್ಬ ವಿಧವೆಯ ಸಂಕಟವನ್ನು ನೋಡುತ್ತೇವೆ. ಅವನಿಗೆ ಅರ್ಥವಾಗದ್ದನ್ನು ಬಿಡಿಸಿ ಹೇಳಲು ಯಾರೂ ಬರುವುದಿಲ್ಲ. ಈ ಚಿತ್ರದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ನಮ್ಮ ಮಕ್ಕಳು ಬಹುತೇಕ ಎಲ್ಲರೂ ನೋಡಿರುವುದು 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’. ಮುಚ್ಚುವ ಭಯದಲ್ಲಿರುವ ಕನ್ನಡ ಶಾಲೆಯ ಕಥೆಯಾದ್ದರಿಂದ ನಾವೂ ನಕ್ಕೆವು, ಕಣ್ಣೊರೆಸಿಕೊಂಡೆವು. ಅದರಲ್ಲಿ ತಪ್ಪಿಲ್ಲ. ಆದರೆ ಎರಡನೆಯ ಸಲ ನೋಡುವಾಗ, ಎಲ್ಲಿ ನಗಿಸಿದರು, ಯಾವುದರ ಬಳಿಕ ನಗಿಸಿದರು ಎಂದು ಗಮನಿಸಿ ನೋಡಿ.

ಮನೆಯಲ್ಲಿ ಮೊಬೈಲಿನಲ್ಲಿ ನೋಡುವವರಿಗೆ ಒಂದು ಮಾತು: ಬೇಸರ ಬಂದ ಕಡೆ ಬೆರಳಿನಿಂದ ಮುಂದಕ್ಕೆ ಓಡಿಸಬೇಡಿ. ಆ ಬೇಸರವನ್ನು ನಿರ್ದೇಶಕ ಬೇಕೆಂದೇ ಇಟ್ಟಿರಬಹುದು. (ಕೆಲವು ಚಿತ್ರಗಳಲ್ಲಿ ಅದು ಬರಿಯ ಬೇಸರವೂ ಹೌದು; ಅದನ್ನು ಹೇಳಲು ಹೆದರಬೇಕಾಗಿಲ್ಲ.) ಕೊನೆಯ ಹತ್ತು ನಿಮಿಷವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಸದ್ದು ತೆಗೆದು ನೋಡಿ.

ಮುಂದಿನ ಸಲ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ತೋರಿಸಬೇಕೆಂದಿದ್ದೇವೆ. ಕುಂದಾಪುರದ ಕಡೆಯ ಕಡಲತೀರದ ಕಥೆ. ಸಿನಿಮಾದ ಹುಚ್ಚಿರುವ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬಂದಾಗ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ವೈದೇಹಿಯವರ ಮೂಲ ಕಥೆಯಲ್ಲಿ ಬರುವುದು ಟಿ.ವಿ. ಅಲ್ಲ, ಊರಿಗೊಂದು ಟಾಕೀಸು. ನಿರ್ದೇಶಕರು ಏಕೆ ಬದಲಿಸಿದರೆಂದು ಮಕ್ಕಳಿಂದಲೇ ಕೇಳಬೇಕೆಂದಿದ್ದೇವೆ. ಅಂದು ಆಕ್ಷೇಪಿಸಿದ ಹೆತ್ತವರು, ಶನಿವಾರವಾದರೆ ತಾವೂ ಬರುವೆವೆಂದು ಹೇಳಿ ಕಳುಹಿಸಿದ್ದಾರೆ.