ಬಸಿರಿನ ಸುದ್ದಿ ಮೇಲಧಿಕಾರಿಗೆ ಎಂದು ಹೇಳಬೇಕು?

ಸಿದ್ಧ ಉಡುಪು ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವ ಹೆಣ್ಣುಮಗಳೊಬ್ಬಳು ಚಳಿಜ್ವರ, ಉರಿಮೂತ್ರವೆಂದು ನನ್ನಲ್ಲಿಗೆ ಬಂದಳು. ಐದು ತಿಂಗಳ ಬಸುರಿ. "ಸೂಪರ್‌ವೈಸರ್‌ಗೆ ಹೇಳಿಲ್ಲ ಡಾಕ್ಟ್ರೇ, ಕೆಲಸದಿಂದ ತೆಗೆದುಬಿಟ್ಟರೆ?" ಎಂದಳು. ಪದೇ ಪದೇ ಎದ್ದುಹೋದರೆ ಗುಟ್ಟು ರಟ್ಟಾದೀತೆಂದು ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲವಂತೆ! ಬಸಿರಿನಲ್ಲಿ ಮೂತ್ರನಾಳಗಳು ಸಡಿಲಗೊಂಡು ಮೂತ್ರ ನಿಧಾನವಾಗಿ ಹರಿಯುತ್ತದೆ. ನೀರು ಕಡಿಮೆಯಾಗಿ, ಮೂತ್ರವನ್ನೂ ತಡೆಹಿಡಿದರೆ ಸೋಂಕು ಮೂತ್ರಪಿಂಡಕ್ಕೇರುವುದು ಸುಲಭ. ಅವಧಿಗೆ ಮುನ್ನವೇ ಹೆರಿಗೆಯಾಗುವ ಅಪಾಯವೂ ಉಂಟು.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ನಮ್ಮ ಮನೆಗಳಲ್ಲಿದೆ. ನೆರೆಹೊರೆಯವರಿಗೆ ಹೇಳದಿದ್ದರೆ ನಷ್ಟವೇನಿಲ್ಲ. ಆದರೆ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವುದು ಆ ಮೂರು ತಿಂಗಳಲ್ಲೇ. ಎಕ್ಸ್‌-ರೇ ಕೋಣೆಯಲ್ಲಿ, ಸೀಸ ಅಥವಾ ರಾಸಾಯನಿಕಗಳ ನಡುವೆ ದುಡಿಯುವವರು ಬಸಿರು ಖಚಿತವಾದ ಕೂಡಲೇ ಹೇಳಬೇಕು.

ಬಾಯಿಮಾತು ಸಾಲದು. ಹೆರಿಗೆಯ ಅಂದಾಜು ದಿನಾಂಕವಿರುವ ವೈದ್ಯರ ಚೀಟಿಯೊಡನೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಕ್ಕೇರಿದೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಆಕೆಗೆ ಔಷಧದ ಜೊತೆ ಚೀಟಿಯನ್ನೂ ಬರೆದುಕೊಟ್ಟೆ. ಸೂಪರ್‌ವೈಸರ್ ಗೊಣಗಿದರಂತೆ, ಆದರೂ ಕುಳಿತು ನೂಲು ಕತ್ತರಿಸುವ ಕೆಲಸಕ್ಕೆ ಹಾಕಿದ್ದಾರೆ.