ನಿಮಗಿದು ಗೊತ್ತೆ? ಇಡೀ ರಾಜ್ಯ ಕತ್ತಲಾದದ್ದು ಗಾಳಿ ವಿದ್ಯುತ್ತಿನಿಂದಲ್ಲ
2016ರ ಸೆಪ್ಟೆಂಬರ್ 28ರಂದು ಸೌತ್ ಆಸ್ಟ್ರೇಲಿಯಾ ರಾಜ್ಯ ಇಡಿಯಾಗಿ ಕತ್ತಲಲ್ಲಿ ಮುಳುಗಿತು. ಗಾಳಿ ವಿದ್ಯುತ್ತನ್ನು ನಂಬಿದ್ದೇ ತಪ್ಪು ಎಂದು ಹಲವರು ಬೆರಳು ತೋರಿದರು. ತನಿಖೆ ಹೇಳಿದ್ದು ಬೇರೆ. ಬಿರುಗಾಳಿಗೆ ಹೈಟೆನ್ಷನ್ ಗೋಪುರಗಳು ಉರುಳಿ ಮತ್ತೆ ಮತ್ತೆ ವೋಲ್ಟೇಜ್ ಕುಸಿದಾಗ, ಹಲವು ಗಾಳಿಯಂತ್ರಗಳು ತಮ್ಮ ಸುರಕ್ಷತಾ ಸೆಟ್ಟಿಂಗ್‌ಗೆ ತಕ್ಕಂತೆ ಉತ್ಪಾದನೆ ಇಳಿಸಿದವು. ಆ ಕೊರತೆಯ ಹೊರೆಯೆಲ್ಲ ನೆರೆಯ ವಿಕ್ಟೋರಿಯಾ ರಾಜ್ಯದಿಂದ ಬರುವ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು. ಗಾಳಿ ಕೈಕೊಟ್ಟಿರಲಿಲ್ಲ. ದೋಷವಿದ್ದದ್ದು ಯಂತ್ರಗಳ ಸೆಟ್ಟಿಂಗ್‌ನಲ್ಲಿ, ಅದನ್ನು ಬಳಿಕ ಬದಲಿಸಲಾಯಿತು.

ಗಾಳಿ, ಬಿಸಿಲಿನ ವಿದ್ಯುತ್ತಿನ ಬಗೆಗಿನ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಉಷ್ಣ ಸ್ಥಾವರದ ಭಾರೀ ಟರ್ಬೈನುಗಳು ತಿರುಗುವ ಜಡತ್ವದಿಂದಲೇ ಜಾಲದ 50 ಹರ್ಟ್ಸ್ ಆವರ್ತನವನ್ನು ಹಠಾತ್ ಏರಿಳಿತದಿಂದ ಕಾಪಾಡುತ್ತವೆ. ಸೌರಫಲಕಕ್ಕೆ ಆ ಗುಣವಿಲ್ಲ. ನಿಜವೇ. ಆದರೆ ಅದಕ್ಕೂ ದಾರಿಯಿದೆ. 2017ರ ಡಿಸೆಂಬರ್‌ನಲ್ಲಿ ಸೌತ್ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಶುರುವಾದ 100 ಮೆಗಾವಾಟ್ ಬ್ಯಾಟರಿ, ಆವರ್ತನ ಕುಸಿದರೆ ಸೆಕೆಂಡಿನೊಳಗೆ ವಿದ್ಯುತ್ ಹರಿಸಬಲ್ಲದು. 2021ರಲ್ಲಿ ಬಂದ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್‌ಗಳು ಇಂಧನ ಸುಡದೆಯೇ ತಿರುಗಿ ಜಡತ್ವ ಒದಗಿಸುತ್ತವೆ. ಈಗ ಆ ರಾಜ್ಯದ ವಾರ್ಷಿಕ ವಿದ್ಯುತ್ತಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಗಾಳಿ, ಬಿಸಿಲಿನದು! ಆದರೂ ಗಾಳಿ ಹಲವು ದಿನ ಬೀಸದಿದ್ದರೆ ಬ್ಯಾಟರಿಯೊಂದೇ ಸಾಲದು. ಗ್ಯಾಸ್ ಸ್ಥಾವರ, ನೆರೆರಾಜ್ಯದ ಲೈನು ಬೇಕೇ ಬೇಕು. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಕಟ್ಟಿರುವ ನಮ್ಮ ರಾಜ್ಯವೂ ಫಲಕಗಳಿಗೆ ಕೊಟ್ಟಷ್ಟೇ ಗಮನವನ್ನು ವಿದ್ಯುತ್ ಸಂಗ್ರಹಕ್ಕೆ, ಪ್ರಸರಣ ಮಾರ್ಗಗಳಿಗೆ ಈಗಿನಿಂದಲೇ ಕೊಡಲಿ.